ಬಟನ್ ಒತ್ತಿದ್ದೂ ಒತ್ತಿದ್ದೇ

ನಮ್ಮನೇಲಿ 2013ರಲ್ಲಿ ತಗೊಂಡಿದ್ದ ಲ್ಯಾಪ್‌ಟಾಪ್ ಒಂದಿದೆ. ಎರಡೂವರೆ ಕೇಜಿ ತೂಗುತ್ತೆ, ತೊಡೆ ಮೇಲೆ ಹತ್ತು ನಿಮಿಷ ಇಟ್ಕೊಂಡ್ರೆ ಕಾಲು ಜೋಮು ಹಿಡಿಯುತ್ತೆ. ಮೊನ್ನೆ ಭಾನುವಾರ ಬಟನ್ ಒತ್ತಿದೆ, ಫ್ಯಾನು ಜುಯ್ ಅಂತು, ಸ್ಕ್ರೀನ್ ಮಾತ್ರ ಕಪ್ಪು. ಆಫ್ ಮಾಡಿ ಇನ್ನೊಂದ್ಸಲ ಒತ್ತಿದೆ. ಆಮೇಲೆ ಮತ್ತೊಂದ್ಸಲ, ಸ್ವಲ್ಪ ಜೋರಾಗಿ, ಲಿಫ್ಟ್ ಬರ್ಲಿಲ್ಲ ಅಂತ ಬಟನ್ ಕುಟ್ತೀವಲ್ಲ ಹಂಗೆ.

ಸೊಪ್ಪು ಬಿಡಿಸ್ತಾ ಕೂತಿದ್ದ ಅಮ್ಮ, "ಮಿಕ್ಸಿ ಕೆಳಗೆ ಒಂದು ಕೆಂಪು ಬಟನ್ ಇರುತ್ತಲ್ಲ, ಇದಕ್ಕಿಲ್ವೇನೋ?" ಅಂದ್ರು. ನಗು ಬಂತು, ಆದ್ರೆ ನಾನು ಮುಂದೆ ಮಾಡಿದ್ದೂ ಹೆಚ್ಚೂಕಮ್ಮಿ ಅದೇ. ಚಾರ್ಜರ್ ಕಿತ್ತು, ಬೋರಲು ಹಾಕಿ, ಲಾಕ್ ಸರಿಸಿ ಬ್ಯಾಟರಿ ತೆಗೆದು, ಪವರ್ ಬಟನ್ನ 30 ಸೆಕೆಂಡ್ ಅದುಮಿ ಹಿಡ್ಕೊಂಡು ಕೂತೆ, ಬೋರ್ಡ್ ಮೇಲಿರೋ ಕೆಪಾಸಿಟರ್‌ಗಳಲ್ಲಿ ಉಳ್ಕೊಂಡಿರೋ ಚೂರುಪಾರು ಚಾರ್ಜು ಖಾಲಿ ಆಗ್ಲಿ ಅಂತ. ಎಷ್ಟೋ ಸಲ ಇಷ್ಟಕ್ಕೇ ಎದ್ದು ಕೂರುತ್ತೆ. ಈ ಸಲ ಏಳ್ಲಿಲ್ಲ. ರೂಮ್ ಕತ್ತಲೆ ಮಾಡಿ ಮೊಬೈಲ್ ಟಾರ್ಚ್‌ನ ಸ್ಕ್ರೀನಿಗೆ ಓರೆಯಾಗಿ ಹಿಡಿದು ನೋಡ್ದೆ, ಬರೀ ಬ್ಯಾಕ್‌ಲೈಟ್ (ಸ್ಕ್ರೀನಿನ ಹಿಂದೆ ಉರಿಯೋ ದೀಪ) ಹೋಗಿದ್ರೆ ಅಕ್ಷರ ಮಬ್ಬಾಗಾದ್ರೂ ಕಾಣುತ್ತೆ, ಅದೂ ಇಲ್ಲ.

ಆಗ ನೆನಪಾಯ್ತು, ಎಷ್ಟೋ ವರ್ಷದ ಹಿಂದೆ ಬೆಂಗಳೂರಿನ ಎಸ್.ಪಿ. ರೋಡಲ್ಲಿ ಒಬ್ರು ರಿಪೇರಿಯವರು ಹೀಗೇ ಕಣ್ಮುಚ್ಚಿದ್ದ ಮಷೀನೊಂದನ್ನ ಬಿಚ್ಚಿ, ಷರ್ಟ್ ಜೇಬಿಂದ ಪೆನ್ಸಿಲ್ ರಬ್ಬರ್ ತೆಗೆದು, ಮಷೀನಿನ ಮೆಮೊರಿ ಪಟ್ಟಿ ಅಂದ್ರೆ ರ‍್ಯಾಮ್ ಉಜ್ಜಿದ್ರು. ಸರಿ, ನಾನೂ ಹಿಂದಿನ ಮುಚ್ಚಳದ ಸ್ಕ್ರೂ ಬಿಚ್ಚಿ ಬಟ್ಟಲಿಗೆ ಹಾಕ್ದೆ (ಖಾಲಿ ಬಟ್ಟಲು ಅಂದ್ಕೊಂಡಿದ್ದೆ, ಒಗ್ಗರಣೆಗೆ ಅಂತ ಇಟ್ಟಿದ್ದ ಸಾಸಿವೆ ಇತ್ತು). ಎರಡೂ ಕಡೆ ಕ್ಲಿಪ್ ಅಗಲಿಸಿದ್ರೆ ರ‍್ಯಾಮ್ ಟಣ್ ಅಂತ ಓರೆಯಾಗಿ ಎದ್ದು ನಿಲ್ಲುತ್ತೆ. ಅಂಚಲ್ಲಿ ಸಾಲಾಗಿ ಚಿನ್ನದ ಬಣ್ಣದ ಕಾಂಟ್ಯಾಕ್ಟ್‌ಗಳು, ಹಳೇ ಸೀರೆ ಜರಿ ಥರ ಮಂಕಾಗಿದ್ವು. ಮಗಳ ಸ್ಟ್ರಾಬೆರಿ ವಾಸನೆ ರಬ್ಬರಲ್ಲಿ ಮೆಲ್ಲಗೆ ಉಜ್ಜಿ, ಪುಡಿ ಎಲ್ಲಾ ಒಣಗಿದ ಬ್ರಷ್ಷಲ್ಲಿ ಕೊಡವಿ (ಬಾಯಲ್ಲಿ ಊದ್ಬಾರ್ದು, ಎಂಜಲು ಹಾರುತ್ತೆ), ವಾಪಸ್ ಸ್ಲಾಟಿಗೆ ತೂರಿಸಿ ಒತ್ತಿದೆ. ಟಕ್.

ಈಗಿನ ತೆಳ್ಳಗಿನವುಗಳಲ್ಲಿ ಎಷ್ಟೋ ಕಡೆ ರ‍್ಯಾಮ್‌ನ ಬೋರ್ಡಿಗೇ ಬೆಸುಗೆ ಹಾಕಿರ್ತಾರೆ, ಬ್ಯಾಟರಿನೂ ಹೊಟ್ಟೆ ಒಳಗೆ, ಕೆಟ್ರೆ ನಾವು ಕೈಕಟ್ಕೊಂಡು ನಿಂತ್ಕೋಬೇಕು. ಈ ಮುದುಕ ಪಾಪ, ಯಾರು ಬೇಕಾದ್ರೂ ಬಿಚ್ಚಿ ನೋಡ್ರಪ್ಪ ಅಂತಾನೆ.

ಬಟನ್ ಒತ್ತಿದೆ. ಮೊದ್ಲು ಕಪ್ಪು, ಒಂದು ಬೀಪ್, ಆಮೇಲೆ ಕಂಪನಿ ಲೋಗೋ. ಮಗಳು ಚಪ್ಪಾಳೆ ಹೊಡೆದ್ಲು.

ಆದ್ರೆ ಒಂದು ವೆಬ್‌ಸೈಟೂ ತೆರೀತಿಲ್ಲ, ಎಲ್ಲಾ ಕಡೆ ಸರ್ಟಿಫಿಕೇಟ್ ತಕರಾರು. ಮೂಲೇಲಿ ತಾರೀಖು ನೋಡಿದ್ರೆ 2012, ಜನವರಿ 1! ಸೈಟು ಅಸಲಿ ಅಂತ ತೋರಿಸೋ ಸರ್ಟಿಫಿಕೇಟಿಗೆ ಇಂಥ ತಾರೀಖಿಂದ ಇಂಥ ತಾರೀಖಿನವರೆಗೆ ಅಂತ ವಾಯಿದೆ ಇರುತ್ತೆ, ಮಷೀನಿನ ತಾರೀಖೇ ತಪ್ಪಿದ್ರೆ ಅದನ್ನ ಒಪ್ಪಲ್ಲ. ಒಳಗಡೆ ರೂಪಾಯಿ ನಾಣ್ಯದಂಥ ಸಿಆರ್2032 ಸೆಲ್ ಒಂದಿರುತ್ತೆ, 3 ವೋಲ್ಟಿಂದು, ಬ್ಯಾಟರಿ ಚಾರ್ಜರ್ ಎರಡೂ ಇಲ್ದಾಗ ಟೈಮ್ ನೆನಪಿಟ್ಕೊಳ್ಳೋದು ಅದೇ. ಅದು ಸತ್ತು ಎಷ್ಟು ದಿನ ಆಗಿತ್ತೋ, ನಾನು ಬ್ಯಾಟರಿ ತೆಗೆದ ಮೇಲೆ ಗೊತ್ತಾಯ್ತು.

"ಅಮ್ಮಾ, ಇದ್ರ ಲೆಕ್ಕದಲ್ಲಿ ಇನ್ನೂ ಹನ್ನೆರಡನೇ ಇಸ್ವಿ" ಅಂದೆ. ಅಮ್ಮ ಬಟ್ಟಲಿಂದ ಸಾಸಿವೆ ಬೇರೆ ಸ್ಕ್ರೂ ಬೇರೆ ಮಾಡ್ತಾ, "ಇರ್ಲಿ ಬಿಡೋ, ಆಗ ನನ್ನ ಮಂಡಿ ಚೆನ್ನಾಗಿತ್ತು" ಅಂದ್ರು.