ಆಕ್ಷೇಪಣೆಗೆ 20 ದಿನ ಅಲ್ಲ, ಕನಿಷ್ಠ 30 ದಿನ

ಗಣಿ, ದೊಡ್ಡ ಕಾರ್ಖಾನೆಯಂಥ ಯೋಜನೆ ಬಂದರೆ ಊರಿನವರು ಆಕ್ಷೇಪಣೆ ಬರೆದುಕೊಡಲು ಇನ್ನು 20 ದಿನ ಮಾತ್ರ ಎಂಬ ಮೆಸೇಜ್ ಹರಿದಾಡುತ್ತಿದೆ. ಇದು ತಪ್ಪು. 20 ದಿನದ ಮಾತು ಬಂದಿದ್ದು ಕೇಂದ್ರದ 2020ರ ಪರಿಸರ ಪರಿಣಾಮ ಅಂದಾಜು (ಯೋಜನೆಯಿಂದ ಪರಿಸರಕ್ಕೆ ಏನಾಗುತ್ತೆ ಎಂದು ಮೊದಲೇ ನೋಡುವ) ನಿಯಮದ ಕರಡಿನಲ್ಲಿ. ಅದಕ್ಕೆ ಆಗಲೇ ಜಾಸ್ತಿ ವಿರೋಧ ಬಂತು, ಕರಡು ಕರಡಾಗಿಯೇ ಉಳಿಯಿತು. ಇದೇ ವಿಷಯದ 2006ರ ಅಧಿಸೂಚನೆ ಹೇಳುವುದು ಕನಿಷ್ಠ 30 ದಿನ.

ಯೋಜನೆ ಬಗ್ಗೆ ಊರಲ್ಲಿ ನಡೆಯುವ ಸಭೆಗೆ ಬಂದವರ ಮಾತಷ್ಟೇ ಲೆಕ್ಕ ಅನ್ನುವುದೂ ಸುಮ್ನೆ ಮಾತು. ಜನರ ಅಭಿಪ್ರಾಯ ಕೇಳುವುದರಲ್ಲಿ ಈ ಸಭೆ, ಅಂದರೆ ಸಾರ್ವಜನಿಕ ಅಹವಾಲು, ಒಂದು ಭಾಗ, ಲಿಖಿತ ಅಭಿಪ್ರಾಯ ಇನ್ನೊಂದು. ಪತ್ರವನ್ನು ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಗೆ ಕಳಿಸಬಹುದು. ಆದರೆ ಎಲ್ಲ ಯೋಜನೆಗೂ ಅಹವಾಲು ಇರುವುದಿಲ್ಲ. ಹಾಗಾಗಿ ಫಾರ್ವರ್ಡ್ ಬಿಟ್ಟು ಪತ್ರಿಕೆಯಲ್ಲಿ ಬರುವ ಪ್ರಕಟಣೆ ನೋಡಿ. ಅದು ಕನ್ನಡ ಪತ್ರಿಕೆಯಲ್ಲೂ ಬರಬೇಕು.