ಪೇಸರ್ಸ್ ಗೆದ್ದಿದ್ದು ಅದೃಷ್ಟದಿಂದ ಅನ್ನುವವರ ಜೊತೆ ನನ್ನ ಜಗಳ

ಅಮೆರಿಕದ ಬ್ಯಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎಯಲ್ಲಿ ಆಡುವ ಇಂಡಿಯಾನ ಪೇಸರ್ಸ್ ತಂಡದ 2025ರ ಪ್ಲೇಆಫ್ (ಸೀಸನ್ ಕೊನೆಗೆ ಕಪ್‌ಗಾಗಿ ನಡೆಯುವ ಸುತ್ತುಗಳು, ಪ್ರತಿ ಸುತ್ತಿನಲ್ಲೂ ಮೊದಲು ನಾಲ್ಕು ಪಂದ್ಯ ಗೆದ್ದವರು ಮುಂದಕ್ಕೆ) ಬಗ್ಗೆ ಮಾತು ಬಂದಾಗಲೆಲ್ಲ ನನ್ನ ಗೆಳೆಯನೊಬ್ಬ ಒಂದೇ ರಾಗ ಹಾಡುತ್ತಾನೆ. "ಅದೆಲ್ಲ ಅದೃಷ್ಟ ಕಣೋ. ಕೊನೇ ಸೆಕೆಂಡಿನ ಆ ನಾಲ್ಕು ಶಾಟ್ ಬೀಳದೇ ಹೋಗಿದ್ದರೆ ಅವರನ್ನ ಯಾರು ನೆನಪಿಟ್ಟುಕೊಳ್ತಿದ್ರು?"

ಕೇಳಿ ಕೇಳಿ ಸಾಕಾಗಿದೆ. ಅವನಿಗೆ ಫೋನಿನಲ್ಲಿ ಹೇಳಿದರೆ ಅರ್ಧಕ್ಕೇ ಮಾತು ತಿರುಗಿಸುತ್ತಾನೆ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ. ಸ್ವಲ್ಪ ಉದ್ದ ಆಗುತ್ತದೆ, ಸಹಿಸಿಕೊಳ್ಳಿ.

ಮೊದಲು ಒಂದು ತಪ್ಪೊಪ್ಪಿಗೆ. ಆ ಸೀಸನ್ ಶುರುವಾದಾಗ ಈ ತಂಡದ ಕತೆ ಮುಗಿಯಿತು ಎಂದು ನಾನೂ ಅಂದುಕೊಂಡಿದ್ದೆ. 2024ರ ಅಕ್ಟೋಬರ್ 23ರಂದು ಡೆಟ್ರಾಯ್ಟ್‌ನಲ್ಲಿ ಮೊದಲ ಪಂದ್ಯ. ಪೇಸರ್ಸ್ ಗೆದ್ದರು. ಆದರೆ ಆ ಪಂದ್ಯದಲ್ಲೇ ಸೆಂಟರ್, ಅಂದರೆ ಬ್ಯಾಸ್ಕೆಟ್ ಹತ್ತಿರ ಆಡುವ ಎತ್ತರದ ಆಟಗಾರ, ಜೇಮ್ಸ್ ವೈಸ್‌ಮನ್‌ಗೆ ಅಕಿಲಿಸ್ ಹರಿಯಿತು. ಹಿಮ್ಮಡಿಯ ಮೇಲೆ ದಪ್ಪ ಹುರಿಯ ಹಾಗೆ ಕೈಗೆ ಸಿಗುತ್ತದಲ್ಲ, ಅದು. ಹರಿದರೆ ಹತ್ತಿರ ಹತ್ತಿರ ಒಂದು ವರ್ಷ ಆಟ ಇಲ್ಲ. ಹತ್ತು ದಿನ ಕಳೆಯುವಷ್ಟರಲ್ಲಿ ಇನ್ನೊಬ್ಬ ಸೆಂಟರ್ ಐಸೈಯಾ ಜಾಕ್ಸನ್‌ಗೂ ಅದೇ ಗಾಯ. ಡಿಸೆಂಬರ್ ಮೊದಲ ವಾರದ ಹೊತ್ತಿಗೆ ತಂಡದ ಲೆಕ್ಕ 10 ಗೆಲುವು, 15 ಸೋಲು. ಹಿಂದಿನ ವರ್ಷ ಈಸ್ಟ್ (ಲೀಗಿನ ಪೂರ್ವ ಭಾಗದ ತಂಡಗಳ ಗುಂಪು) ಫೈನಲ್‌ವರೆಗೆ ಹೋಗಿ ಬಾಸ್ಟನ್ ಕೈಲಿ 4-0 ಸೋತ ತಂಡ ಅದು. ಅದೇನೋ ಒಂದು ವರ್ಷದ ಪವಾಡ, ಮುಗಿಯಿತು ಬಿಡು ಎಂದು ನಾನು ಬೇರೆ ತಂಡಗಳ ಪಂದ್ಯ ನೋಡತೊಡಗಿದೆ.

ಅಲ್ಲಿಂದ ಮುಂದೆ ಅವರು ಆಡಿದ 57 ಪಂದ್ಯಗಳಲ್ಲಿ 40 ಗೆದ್ದರು. ಒಟ್ಟು 50-32, ಈಸ್ಟ್‌ನಲ್ಲಿ ನಾಲ್ಕನೇ ಸ್ಥಾನ. ಇದಕ್ಕೆ ಒಂದೇ ಕಾರಣ ಹುಡುಕಿದರೆ ಸಿಗುವುದಿಲ್ಲ. ಮಯಾಮಿಯಿಂದ ಥಾಮಸ್ ಬ್ರಯಂಟ್ ಬಂದ, ಬೆಂಚಿನ ತೂತು ಮುಚ್ಚಿತು. ಕಾಲು ನೋವಿನಿಂದ ಹೊರಗಿದ್ದ ಆರನ್ ನೆಸ್ಮಿತ್ ವಾಪಸ್ ಬಂದ. ತಂಡದ ಸ್ಟಾರ್ ಟೈರೀಸ್ ಹ್ಯಾಲಿಬರ್ಟನ್ ಮತ್ತೆ ಹ್ಯಾಲಿಬರ್ಟನ್ ಥರ ಆಡತೊಡಗಿದ. ಅಷ್ಟೇ.

ನನ್ನ ವಾದ ಶುರುವಾಗುವುದು ಆಮೇಲಿನ ಆಟದಿಂದ. ಈ ತಂಡ ಆಡುತ್ತಿದ್ದದ್ದು ಬೇರೆಯದೇ ರೀತಿ.

ಬ್ಯಾಸ್ಕೆಟ್‌ಬಾಲ್‌ನಲ್ಲಿ ಎದುರಾಳಿ ಬ್ಯಾಸ್ಕೆಟ್ ಹಾಕಿದ ಮೇಲೆ ಎಷ್ಟೋ ತಂಡಗಳು ಉಸಿರು ತೆಗೆದುಕೊಳ್ಳುತ್ತವೆ. ಚೆಂಡನ್ನು ನಿಧಾನಕ್ಕೆ ತರುತ್ತಾರೆ, ಕೋಚ್ ಕೈಸನ್ನೆ ನೋಡುತ್ತಾರೆ. ಪೇಸರ್ಸ್ ಹಾಗಲ್ಲ. ಬ್ಯಾಸ್ಕೆಟ್ ತಿಂದ ಮರುಕ್ಷಣ ಚೆಂಡು ಒಳಗೆ, ನಾಲ್ಕು ಜನ ಆಗಲೇ ಓಟದಲ್ಲಿ. ಎದುರಾಳಿ ತಾನು ಹಾಕಿದ ಬ್ಯಾಸ್ಕೆಟ್‌ಗೆ ಖುಷಿ ಪಡುವುದಕ್ಕೂ ಪುರುಸೊತ್ತಿಲ್ಲ. ಇನ್ನು ಡಿಫೆನ್ಸ್‌ನಲ್ಲಿ ನೆಂಬ್‌ಹಾರ್ಡ್, ನೆಸ್ಮಿತ್, ಮೆಕಾನೆಲ್ ಈ ಮೂವರು ಚೆಂಡು ಮುಂದಕ್ಕೆ ತರುವ ಎದುರಾಳಿಯ ಪಾಯಿಂಟ್ ಗಾರ್ಡ್‌ನನ್ನು ಅವನ ಬ್ಯಾಸ್ಕೆಟ್ ಕೆಳಗಿನಿಂದಲೇ ಹಿಡಿದುಕೊಳ್ಳುತ್ತಿದ್ದರು. 94 ಅಡಿ ಕೋರ್ಟ್ ಪೂರ್ತಿ. 8 ಸೆಕೆಂಡಿನೊಳಗೆ ಅರ್ಧ ಗೆರೆ ದಾಟಬೇಕು ಎಂಬ ನಿಯಮ ಇದೆಯಲ್ಲ, ಅದನ್ನು ದಾಟುವುದಕ್ಕೇ ಅವನು ಒದ್ದಾಡಬೇಕು. ಶಾಟ್ ಎಸೆಯಲು ಕೊಡುವ 24 ಸೆಕೆಂಡಿನ ಗಡಿಯಾರದಲ್ಲಿ ಅಷ್ಟು ಅಲ್ಲೇ ಹೋಯಿತು.

ಇದೆಲ್ಲ ಮೊದಲ ಕ್ವಾರ್ಟರ್‌ನಲ್ಲಿ ಏನೂ ಅನ್ನಿಸುವುದಿಲ್ಲ. ಸ್ಕೋರ್ ಬೋರ್ಡಿನಲ್ಲಿ ಕಾಣುವುದೂ ಇಲ್ಲ. ಆದರೆ ಪೇಸರ್ಸ್ ಹತ್ತು ಜನರನ್ನು ತಿರುಗಿಸಿ ತಿರುಗಿಸಿ ಆಡಿಸುತ್ತಿದ್ದರು. ಎದುರಾಳಿಯ ಸ್ಟಾರ್ ಆಟಗಾರ 40 ನಿಮಿಷ ಆಡಲೇಬೇಕು. ನಾಲ್ಕನೇ ಕ್ವಾರ್ಟರ್‌ನ ಕೊನೆಗೆ ಬಂದಾಗ ಅವನ ಕಾಲು ಸೀಸದ ಹಾಗಿರುತ್ತದೆ. ಆಗ ಪಾಸ್ ಒಂದಿಷ್ಟು ತಡವಾಗುತ್ತದೆ. ಫೌಲ್‌ಗೆ ಸಿಕ್ಕ, ಯಾರೂ ಅಡ್ಡ ಬರದ ಫ್ರೀ ಥ್ರೋ ಕೂಡ ರಿಮ್‌ಗೆ ಬಡಿಯುತ್ತದೆ. ನೋಡುವವರು ಅದನ್ನೇ ಪೇಸರ್ಸ್ ಅದೃಷ್ಟ ಅನ್ನುತ್ತಾರೆ.

ಆ ನಾಲ್ಕು ಶಾಟ್‌ಗಳಿಗೆ ಬರೋಣ.

ಮೊದಲನೆಯದು ಮೊದಲ ಸುತ್ತಿನಲ್ಲಿ ಮಿಲ್ವಾಕಿ ಬಕ್ಸ್ ವಿರುದ್ಧ ಐದನೇ ಪಂದ್ಯ. ಓವರ್‌ಟೈಮ್‌ನಲ್ಲಿ ಇನ್ನು ಒಂದು ನಿಮಿಷವೂ ಇಲ್ಲ, 7 ಪಾಯಿಂಟ್ ಹಿಂದೆ. ಮುಗಿಯುವಾಗ ಹ್ಯಾಲಿಬರ್ಟನ್ ನುಗ್ಗಿ ಬಕ್ಸ್ ಸ್ಟಾರ್ ಯಾನಿಸ್ ಅಂಟೆಟೊಕೊಂಪೊ ಕಣ್ಣೆದುರೇ ಲೇಅಪ್ (ಬ್ಯಾಸ್ಕೆಟ್ ಹತ್ತಿರದಿಂದ ಹಾಕುವ ಶಾಟ್) ಹಾಕಿದ, 1.3 ಸೆಕೆಂಡ್ ಬಾಕಿ, 119-118. ಎಲ್ಲರೂ ಆ ಲೇಅಪ್ ನೆನಪಿಟ್ಟುಕೊಂಡರು. ಅದಕ್ಕೂ ಮೊದಲು ಬಕ್ಸ್ ಆಟಗಾರನೊಬ್ಬ ಕೈಗೆ ಬಂದ ಚೆಂಡನ್ನು ಹಿಡಿಯಲಾಗದೆ ಗೆರೆಯಾಚೆ ಬಿಟ್ಟಿದ್ದು ಎಷ್ಟು ಜನಕ್ಕೆ ನೆನಪಿದೆ?

ಎರಡನೆಯದು ಕ್ಲೀವ್‌ಲ್ಯಾಂಡ್‌ನಲ್ಲಿ. ಆ ಸೀಸನ್ 64 ಪಂದ್ಯ ಗೆದ್ದ ತಂಡ ಅದು. ಅವರ ಕೆಲವು ಮುಖ್ಯ ಆಟಗಾರರು ಗಾಯಗೊಂಡಿದ್ದರು ಎಂಬುದು ನಿಜ, ಆ ಮಾತನ್ನು ಗೆಳೆಯನಿಗೆ ಬಿಟ್ಟುಕೊಡುತ್ತೇನೆ. ಹ್ಯಾಲಿಬರ್ಟನ್ ಎರಡನೇ ಫ್ರೀ ಥ್ರೋ ತಪ್ಪಿಸಿದ. ತಾನೇ ನುಗ್ಗಿ ರಿಬೌಂಡ್, ಅಂದರೆ ಪುಟಿದು ಬಂದ ಚೆಂಡನ್ನು, ಹಿಡಿದ. ಹೊರಗೆ ಬಂದ, ಹಿಂದಕ್ಕೆ ಒಂದು ಹೆಜ್ಜೆ ಹಾಕಿ ತ್ರೀ (ದೂರದ ಗೆರೆಯಾಚೆಯಿಂದ ಹಾಕುವ ಮೂರು ಪಾಯಿಂಟಿನ ಶಾಟ್) ಎಸೆದ. 120-119. ತನ್ನದೇ ತಪ್ಪಿದ ಫ್ರೀ ಥ್ರೋ ಅನ್ನು ಅವನಿಗೆ ಹಿಡಿಯಲು ಬಿಟ್ಟವರು ಯಾರು? ಸುಸ್ತಾದವರು.

ಮೂರನೆಯದು ನ್ಯೂಯಾರ್ಕ್‌ನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ, ಈಸ್ಟ್ ಫೈನಲ್‌ನ ಮೊದಲ ಪಂದ್ಯ. ಇದನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು. ಮೂರು ನಿಮಿಷಕ್ಕಿಂತ ಕಡಿಮೆ ಇದೆ, ನ್ಯೂಯಾರ್ಕ್ ತಂಡ ನಿಕ್ಸ್ 14 ಪಾಯಿಂಟ್ ಮುಂದೆ. ಜನ ಆಗಲೇ ಕುಣಿಯುತ್ತಿದ್ದರು. ನಾನು ಟಿವಿ ಆರಿಸಲು ರಿಮೋಟ್ ಕೈಗೆತ್ತಿಕೊಂಡಿದ್ದೆ. ಅಷ್ಟರಲ್ಲಿ ನೆಸ್ಮಿತ್ ಒಂದು ತ್ರೀ ಹಾಕಿದ. ಆಮೇಲೆ ಇನ್ನೊಂದು. ಮತ್ತೊಂದು. ನಾಲ್ಕನೇ ಕ್ವಾರ್ಟರ್ ಒಂದರಲ್ಲೇ ಆರು ತ್ರೀ! ಬಾಸ್ಟನ್ ಬೇಡ ಎಂದು ಬಿಟ್ಟುಕೊಟ್ಟ ಹುಡುಗ ಅವನು. ನಿಕ್ಸ್‌ನವರು ಫ್ರೀ ಥ್ರೋ ಕೈಚೆಲ್ಲಿದರು. ಕೊನೆಗೆ ಹ್ಯಾಲಿಬರ್ಟನ್ ಎಸೆದ ಚೆಂಡು ರಿಮ್‌ನ ಹಿಂಬದಿಗೆ ಬಡಿದು, ನೆಟ್ಟಗೆ ಮೇಲಕ್ಕೆ ಹಾರಿ, ಅಲ್ಲೇ ಒಂದು ಯುಗ ಕಳೆದು ಒಳಗೆ ಬಿತ್ತು. ಗೆದ್ದೆವು ಅಂದುಕೊಂಡು ಅವನು ಎರಡೂ ಕೈ ಕತ್ತಿಗೆ ಇಟ್ಟು ಉಸಿರು ಕಟ್ಟಿದ ಸನ್ನೆ ಮಾಡಿದ. 1994ರಲ್ಲಿ ಅದೇ ಊರಲ್ಲಿ, ಇದೇ ಪೇಸರ್ಸ್‌ಗೆ ಆಡುತ್ತಿದ್ದ ರೆಜಿ ಮಿಲ್ಲರ್ ಮಾಡಿದ್ದ ಸನ್ನೆ. ಆ ಮಿಲ್ಲರ್ ಈ ಸಲ ಕಾಮೆಂಟರಿ ಹೇಳುತ್ತಾ ಅಲ್ಲೇ ಕುಳಿತಿದ್ದ! ಆದರೆ ತಮಾಷೆ ನೋಡಿ, ಹ್ಯಾಲಿಬರ್ಟನ್ ಕಾಲು ಗೆರೆಯ ಮೇಲಿತ್ತು. ಮೂರಲ್ಲ, ಎರಡೇ ಪಾಯಿಂಟ್. 125-125. ಸನ್ನೆ ಮಾಡಿ ಆಗಿಬಿಟ್ಟಿದೆ, ಇನ್ನು ಸೋತರೆ ಮುಖ ಎಲ್ಲಿಡುವುದು? ಓವರ್‌ಟೈಮ್ ಆಡಿ 138-135ರಲ್ಲಿ ಗೆದ್ದ ಮೇಲೇ ಉಸಿರು ಬಂತು.

ಆ ಚೆಂಡು ರಿಮ್ ಮೇಲೆ ಪುಟಿದು ಒಳಗೆ ಬಿದ್ದದ್ದು ಅದೃಷ್ಟವೇ. ಒಪ್ಪಿದೆ. ಆದರೆ ಆ ಪುಟಿತ ಕೊಟ್ಟಿದ್ದು ಎರಡು ಪಾಯಿಂಟ್. ಉಳಿದ ಹನ್ನೆರಡು ಎಲ್ಲಿಂದ ಬಂತು?

ನಾಲ್ಕನೆಯದು ಒಕ್ಲಹೋಮ ಸಿಟಿ ಥಂಡರ್ ವಿರುದ್ಧ ಫೈನಲ್‌ನ ಮೊದಲ ಪಂದ್ಯ. ಥಂಡರ್ ಆ ಸೀಸನ್ 68 ಗೆದ್ದು 14 ಸೋತಿತ್ತು. ಪೇಸರ್ಸ್ ಮೊದಲರ್ಧದಲ್ಲಿ ಚೆಂಡನ್ನು ದಾನ ಮಾಡಲು ಬಂದವರ ಹಾಗೆ ಕಳೆದುಕೊಂಡರು. ನಾಲ್ಕನೇ ಕ್ವಾರ್ಟರ್‌ನಲ್ಲಿ 15 ಪಾಯಿಂಟ್ ಹಿಂದಿದ್ದರು. ಇಡೀ ಪಂದ್ಯದಲ್ಲಿ ಅವರು ಮುಂದಿದ್ದದ್ದು 0.3 ಸೆಕೆಂಡ್ ಮಾತ್ರ. ಹ್ಯಾಲಿಬರ್ಟನ್ ಶಾಟ್ ಒಳಗೆ ಬಿದ್ದ ಮೇಲಿನ ಆ ಕೊನೆಯ 0.3 ಸೆಕೆಂಡ್. 111-110.

ಪ್ಲೇಆಫ್ ಶುರುವಾಗುವ ಹೊತ್ತಿಗೆ ಹೆಸರು ಹೇಳದೆ ಆಟಗಾರರೇ ವೋಟು ಹಾಕಿದ ಒಂದು ಸಮೀಕ್ಷೆ ಹೊರಬಂದಿತ್ತು. ಯೋಗ್ಯತೆಗಿಂತ ಜಾಸ್ತಿ ಹೊಗಳಿಸಿಕೊಂಡವರು ಯಾರು ಎಂಬ ಪ್ರಶ್ನೆಗೆ ಅತಿ ಹೆಚ್ಚು ವೋಟು ಬಿದ್ದದ್ದು ಹ್ಯಾಲಿಬರ್ಟನ್‌ಗೆ. ಆಮೇಲೆ ನಡೆದದ್ದು ಮೇಲಿದೆ. ನಾನೇನೂ ಹೇಳುವುದಿಲ್ಲ.

ಸಣ್ಣ ಅಡ್ಡಮಾತು, ಇದನ್ನು ಹೇಳದೆ ಇರಲಾಗುತ್ತಿಲ್ಲ. ಈ ಎರಡೂ ಫೈನಲ್ ತಂಡಗಳ ಬೇರು ಒಬ್ಬನೇ ಆಟಗಾರನಲ್ಲಿದೆ, ಪಾಲ್ ಜಾರ್ಜ್. 2017ರಲ್ಲಿ ಪೇಸರ್ಸ್ ಅವನನ್ನು ಒಕ್ಲಹೋಮಕ್ಕೆ ಕೊಟ್ಟರು, ಬದಲಿಗೆ ಬಂದವರಲ್ಲಿ ಸಬೋನಿಸ್ ಒಬ್ಬ. 2022ರಲ್ಲಿ ಆ ಸಬೋನಿಸ್‌ನನ್ನು ಸ್ಯಾಕ್ರಮೆಂಟೊಗೆ ಕೊಟ್ಟಾಗ ಸಿಕ್ಕಿದ್ದು ಹ್ಯಾಲಿಬರ್ಟನ್. ಅತ್ತ ಒಕ್ಲಹೋಮದವರು 2019ರಲ್ಲಿ ಅದೇ ಪಾಲ್ ಜಾರ್ಜ್‌ನನ್ನು ಕ್ಲಿಪ್ಪರ್ಸ್‌ಗೆ ಕೊಟ್ಟು ತಂದದ್ದು ಷೇ ಗಿಲ್ಜಸ್-ಅಲೆಕ್ಸಾಂಡರ್‌ನನ್ನು. ಜೊತೆಗೆ ಬಂದ ಡ್ರಾಫ್ಟ್ ಪಿಕ್ (ಲೀಗಿಗೆ ಬರುವ ಹೊಸ ಹುಡುಗರನ್ನು ಆರಿಸಿಕೊಳ್ಳುವ ಸರದಿ) ಒಂದರಲ್ಲಿ ಆರಿಸಿಕೊಂಡದ್ದು ಜೇಲನ್ ವಿಲಿಯಮ್ಸ್‌ನನ್ನು. ಪಾಪ, ಪಾಲ್ ಜಾರ್ಜ್ ಮಾತ್ರ ಇನ್ನೂ ಒಂದು ಫೈನಲ್ ಪಂದ್ಯವನ್ನೂ ಆಡಿಲ್ಲ.

ಫೈನಲ್‌ಗೆ ವಾಪಸ್ ಬರೋಣ. ಮೂರು ಪಂದ್ಯ ಮುಗಿದಾಗ ಪೇಸರ್ಸ್ 2-1 ಮುಂದೆ. ಮೂರನೇ ಪಂದ್ಯದಲ್ಲಿ ಬೆಂಚಿನಿಂದ ಬಂದ ಮ್ಯಾಥುರಿನ್ 27 ಪಾಯಿಂಟ್, ಮೆಕಾನೆಲ್ ಐದು ಸ್ಟೀಲ್, ಅಂದರೆ ಐದು ಸಲ ಎದುರಾಳಿಯಿಂದ ಚೆಂಡು ಕಸಿದ. ಡ್ರಾಫ್ಟ್‌ನಲ್ಲಿ ಯಾರೂ ಆರಿಸಿಕೊಳ್ಳದ ಮೆಕಾನೆಲ್.

ಎಲ್ಲರೂ ಏಳನೇ ಪಂದ್ಯದ ಬಗ್ಗೆ ಅಳುತ್ತಾರೆ. ನನ್ನ ಪ್ರಕಾರ ಪೇಸರ್ಸ್ ಕಪ್ ಕಳೆದುಕೊಂಡದ್ದು ನಾಲ್ಕನೇ ಪಂದ್ಯದಲ್ಲಿ, ತಮ್ಮದೇ ಅಂಗಳದಲ್ಲಿ. ಕೊನೆಯ ಕ್ವಾರ್ಟರ್‌ಗೆ 7 ಪಾಯಿಂಟ್ ಮುಂದಿದ್ದರು. ಆ ಕ್ವಾರ್ಟರ್‌ನಲ್ಲಿ ಥಂಡರ್ 31, ಪೇಸರ್ಸ್ 17. ಕೊನೆಯ ಐದು ನಿಮಿಷದೊಳಗೆ ಗಿಲ್ಜಸ್-ಅಲೆಕ್ಸಾಂಡರ್ ಒಬ್ಬನೇ 15 ಹಾಕಿದ. ಉಳಿದ ಮೂರು ತಂಡಗಳನ್ನು ಓಡಿಸಿ ಓಡಿಸಿ ಬೀಳಿಸಿದವರಿಗೆ ಇಲ್ಲಿ ಎದುರಾದದ್ದು ತಮಗಿಂತ ಚಿಕ್ಕ ವಯಸ್ಸಿನ, ತಮ್ಮಷ್ಟೇ ಉದ್ದದ ಬೆಂಚಿರುವ ತಂಡ. ಅವರು ಸುಸ್ತಾಗಲೇ ಇಲ್ಲ. ಬರೀ ಅದೃಷ್ಟದಿಂದ ಗೆಲ್ಲುತ್ತಿದ್ದ ತಂಡವಾಗಿದ್ದರೆ ಇಲ್ಲೂ ಒಂದು ಚೆಂಡು ಪುಟಿಯಬೇಕಿತ್ತಲ್ವಾ?

ಐದನೇ ಪಂದ್ಯದಲ್ಲಿ ಹ್ಯಾಲಿಬರ್ಟನ್ ಬಲಗಾಲಿನ ಮೀನಖಂಡ ಹಿಡಿದುಕೊಂಡ. ಜೇಲನ್ ವಿಲಿಯಮ್ಸ್ 40 ಪಾಯಿಂಟ್ ಹಾಕಿದ, ಪೇಸರ್ಸ್ ಸೋತರು. ಆರನೇ ಪಂದ್ಯದಲ್ಲಿ ಹ್ಯಾಲಿಬರ್ಟನ್ ಕುಂಟುತ್ತಲೇ ಬಂದು ಆಡಿದ, 108-91 ಗೆಲುವು. ಜೂನ್ 22, ಏಳನೇ ಪಂದ್ಯ. ಮೊದಲ ಏಳು ನಿಮಿಷದಲ್ಲಿ ಅವನು ಮೂರು ತ್ರೀ ಹಾಕಿದ. ಒಂಬತ್ತು ಪಾಯಿಂಟ್. ನಾನು ಕುರ್ಚಿಯಿಂದ ಎದ್ದು ನಿಂತಿದ್ದೆ. ಆಮೇಲೆ ಚೆಂಡು ಹಿಡಿದು ಮುಂದಕ್ಕೆ ಹೆಜ್ಜೆ ಇಟ್ಟ, ಹತ್ತಿರ ಯಾರೂ ತಾಗಿರಲಿಲ್ಲ, ಕುಸಿದ. ನೆಲಕ್ಕೆ ಕೈ ಬಡಿದುಕೊಂಡ. ಅಕಿಲಿಸ್.

ವೈಸ್‌ಮನ್‌ಗೆ ಮೊದಲ ಪಂದ್ಯದಲ್ಲಿ, ಹ್ಯಾಲಿಬರ್ಟನ್‌ಗೆ ಕೊನೆಯ ಪಂದ್ಯದಲ್ಲಿ. ನಡುವೆ 103 ಪಂದ್ಯ.

ಅದೇ ಪ್ಲೇಆಫ್‌ನಲ್ಲಿ ಅಕಿಲಿಸ್ ಹರಿದ ಇನ್ನಿಬ್ಬರು ಮಿಲ್ವಾಕಿಯ ಡೇಮಿಯನ್ ಲಿಲ್ಲಾರ್ಡ್, ಬಾಸ್ಟನ್‌ನ ಜೇಸನ್ ಟೇಟಮ್. ಮೂವರ ಜರ್ಸಿ ನಂಬರೂ ಸೊನ್ನೆ. ನನಗೆ ಅಂಥದ್ದರಲ್ಲೆಲ್ಲ ನಂಬಿಕೆ ಇಲ್ಲ, ಆದರೂ ಮೈ ಜುಮ್ಮೆನ್ನುತ್ತದೆ. ಇನ್ನೂ ಒಂದು ಕೊಸರು ಇದೆ. ಬೇಸಿಗೆಯಲ್ಲಿ ಮಿಲ್ವಾಕಿಯವರು ಲಿಲ್ಲಾರ್ಡ್‌ನನ್ನು ಕೈಬಿಟ್ಟು ಜಾಗ ಮಾಡಿಕೊಂಡು, ಪೇಸರ್ಸ್‌ನಲ್ಲಿ ಹತ್ತು ಸೀಸನ್ ಆಡಿದ್ದ ಮೈಲ್ಸ್ ಟರ್ನರ್‌ನನ್ನು ಎತ್ತಿಕೊಂಡು ಹೋದರು. ಮೊದಲ ಸುತ್ತಿನಲ್ಲಿ ಸೋತವರು ಹೀಗೆ ಲೆಕ್ಕ ತೀರಿಸಿಕೊಂಡರು!

ಮೀನಖಂಡದ ನೋವಿದ್ದಾಗ ಹ್ಯಾಲಿಬರ್ಟನ್‌ನನ್ನು ಆಡಿಸಬಾರದಿತ್ತು ಎಂದು ಆಗ ನಾನೂ ಕೂಗಾಡಿದವನೇ. ಈಗ ಹಾಗನ್ನಿಸುವುದಿಲ್ಲ. ಮತ್ತೆ ಅದೇ ಪರಿಸ್ಥಿತಿ ಬಂದರೆ ಮತ್ತೆ ಆಡುತ್ತೇನೆ ಎಂದು ಅವನೇ ಆಮೇಲೆ ಬರೆದುಕೊಂಡ. ಮುಂದಿನ ಇಡೀ ಸೀಸನ್ ಹೋಯಿತು ಎಂದು ಗೊತ್ತಿದ್ದ ಮನುಷ್ಯ ಹಾಗೆ ಹೇಳಿದ ಮೇಲೆ, ಸೋಫಾ ಮೇಲೆ ಕೂತ ನಾನು ಯಾರು? ಆದರೆ ಒಂದು ಮಾತು ಕೊರೆಯುತ್ತದೆ. ಎದುರಾಳಿಯ ಕಾಲು ಸೋಲಿಸುವ ಹಾಗೆ ಆಡುವ ತಂಡ ತನ್ನ ಕಾಲನ್ನೂ ಅಷ್ಟೇ ಖರ್ಚು ಮಾಡುತ್ತಿರುತ್ತದೆ ಅಲ್ವಾ? ಗೆಳೆಯ ಈ ಪ್ರಶ್ನೆ ಕೇಳಿದ್ದರೆ ನಾನು ಬಾಯಿ ಮುಚ್ಚಿಕೊಳ್ಳುತ್ತಿದ್ದೆ. ಅವನು ಕೇಳುವುದು ಅದೃಷ್ಟದ ಬಗ್ಗೆ ಮಾತ್ರ.

ಹ್ಯಾಲಿಬರ್ಟನ್ ಹೋದ ಮೇಲೂ ಅರ್ಧ ಪಂದ್ಯದ ಹೊತ್ತಿಗೆ ಪೇಸರ್ಸ್ 48-47 ಮುಂದಿದ್ದರು. ಇದನ್ನು ಯಾರೂ ಹೇಳುವುದಿಲ್ಲ. ಮೂರನೇ ಕ್ವಾರ್ಟರ್‌ನಲ್ಲಿ ಥಂಡರ್ ಬಿರುಗಾಳಿಯ ಹಾಗೆ ಬಂದಾಗ 33 ವಯಸ್ಸಿನ ಮೆಕಾನೆಲ್ ಒಬ್ಬನೇ 12 ಪಾಯಿಂಟ್ ಹಾಕಿದ, ತೂತು ಬಿದ್ದ ದೋಣಿಯಿಂದ ಬೊಗಸೆಯಲ್ಲಿ ನೀರು ಮೊಗೆಯುವವನ ಹಾಗೆ. ಸಾಕಾಗಲಿಲ್ಲ. 103-91. ಕಪ್‌ಗೆ 16 ಗೆಲುವು ಬೇಕು, ಅವರದು 15ಕ್ಕೆ ನಿಂತಿತು.

ಒಕ್ಲಹೋಮದಲ್ಲಿ ಬಣ್ಣದ ಕಾಗದ ಉದುರುತ್ತಿತ್ತು. ಪೇಸರ್ಸ್ ಆಟಗಾರರು ತಲೆ ತಗ್ಗಿಸಿ ಒಳಗೆ ನಡೆದರು. ಅಲ್ಲಿ ಹ್ಯಾಲಿಬರ್ಟನ್ ಊರುಗೋಲು ಹಿಡಿದು, ಒಂದೇ ಕಾಲಲ್ಲಿ ನಿಂತು, ಬಂದ ಬಂದವರನ್ನು ಒಬ್ಬೊಬ್ಬರನ್ನಾಗಿ ತಬ್ಬಿಕೊಳ್ಳುತ್ತಿದ್ದ.