ಮಷೀನು ನಿಂತ ಮೇಲೆ ಕೈಗೆ ಏನು ಮಾಡಿಸಿದರು?

ಬೆಳಿಗ್ಗೆಯಿಂದ ಸಿಟ್ಟು ಇಳಿದಿಲ್ಲ. ಬರೆದರಾದರೂ ಕಡಿಮೆ ಆಗಬಹುದು ಅಂತ ಕೂತಿದ್ದೇನೆ.

ಲಕ್ವ ಹೊಡೆದವರ ಕೈಗೆ ವ್ಯಾಯಾಮ ಮಾಡಿಸುವುದು ನನ್ನ ಕೆಲಸ. ಇವತ್ತು ಒಬ್ಬ ಹುಡುಗ ಅವರಮ್ಮನನ್ನು ಕರೆದುಕೊಂಡು ಬಂದಿದ್ದ. ಲಕ್ವ ಹೊಡೆದು ಐದು ತಿಂಗಳು. ಬಲಗೈಯನ್ನು ಸೆರಗಿನೊಳಗೆ ಬಚ್ಚಿಟ್ಟುಕೊಂಡಿದ್ದರು. ಹೊರಗೆ ತೆಗೆಸಿದರೆ ಮುಷ್ಟಿ ಬಿಗಿದು ಕಲ್ಲಾಗಿದೆ. ಒಂದೊಂದೇ ಬೆರಳು ನಿಧಾನಕ್ಕೆ ಬಿಡಿಸಿದೆ. ಉಗುರು ಒತ್ತಿ ಒತ್ತಿ ಅಂಗೈ ಗಾಯವಾಗಿದೆ. ಭುಜ ಮುಟ್ಟಿದ ಕೂಡಲೇ "ಬೇಡ ಕಣವ್ವಾ, ನೋಯ್ತದೆ" ಅಂತ ಕಣ್ಣೀರು ಹಾಕಿದರು.

"ಇಷ್ಟು ದಿನ ಎಕ್ಸರ್‌ಸೈಜ್ ಮಾಡಿಸ್ತಿರಲಿಲ್ವಾ?" ಅಂದೆ.

"ಇಲ್ಲ ಮೇಡಂ. ತಲೆಗೆ ಮಷೀನ್ ಟ್ರೀಟ್‌ಮೆಂಟ್ ನಡೀತಿತ್ತಲ್ಲ. ನೇರವಾಗಿ ಮೆದುಳಿಗೇ ಕೊಡ್ತೀವಿ, ಬೇರೆ ಏನೂ ಬೇಡ ಅಂದಿದ್ರು."

30 ಸಿಟ್ಟಿಂಗ್. ಅಮ್ಮನ ಬಳೆ ಅಡವಿಟ್ಟು ಕಟ್ಟಿದ ದುಡ್ಡು. ಮಷೀನ್ ಕೆಳಗೆ ಕೂರಿಸಿ, ಮುಗಿದ ಮೇಲೆ ಆಟೋ ಹತ್ತಿಸಿ ಕಳಿಸಿದ್ದಾರೆ. 30 ಸಲವೂ ಹಾಗೇ. ಒಂದು ದಿನವೂ ಯಾರೂ ಆ ಬೆರಳು ಬಿಡಿಸಿ ನೋಡಿಲ್ಲ.

ನಾನು ಮಷೀನಿನ ವಿರೋಧಿ ಅಲ್ಲ. ನನ್ನ ಕೆಲಸ ಬಲ್ಲವರಿಗೆ ಅದು ಗೊತ್ತು. 1985ರಲ್ಲಿ ಇಂಗ್ಲೆಂಡಿನ ಶೆಫೀಲ್ಡ್‌ನಲ್ಲಿ ಆಂಟನಿ ಬಾರ್ಕರ್ ಮತ್ತು ಅವರ ಜೊತೆಗಾರರು ತಲೆಯ ಮೇಲೆ ಒಂದು ಕಾಯಿಲ್ (ತಂತಿಯ ಸುರುಳಿ) ಹಿಡಿದು, ಆಯಸ್ಕಾಂತದ ಶಕ್ತಿಯಿಂದ ಕೈ ಅಲುಗುವಂತೆ ಮಾಡಿದರು. ಚರ್ಮ ಕೊಯ್ಯಲಿಲ್ಲ, ಬುರುಡೆ ತೆರೆಯಲಿಲ್ಲ. ಅದನ್ನು ಮೊದಲ ಸಲ ಓದಿದಾಗ ನನಗೆ ಮೈ ಜುಮ್ಮೆಂದಿತ್ತು. ಅದೇ ಇವತ್ತಿನ ಟಿಎಂಎಸ್. ಇನ್ನೊಂದು ಟಿಡಿಸಿಎಸ್. ಒದ್ದೆ ಸ್ಪಂಜು ತಲೆಗೆ ಕಟ್ಟಿ, ಒಂದೆರಡು ಮಿಲಿಆಂಪ್‌ನಷ್ಟು ಸಣ್ಣ ಕರೆಂಟನ್ನು ಸುಮಾರು 20 ನಿಮಿಷ ಬಿಡುತ್ತಾರೆ.

ಇದರ ಹಿಂದಿನ ಯೋಚನೆಯೂ ಚೆನ್ನಾಗಿದೆ. ಮೆದುಳಿನ ಎರಡು ಅರ್ಧಗಳು ಒಂದೇ ನೊಗದ ಎರಡು ಎತ್ತುಗಳ ಹಾಗೆ. ಒಂದು ಸೋತರೆ ಇನ್ನೊಂದು ನೊಗವನ್ನು ತನ್ನ ಕಡೆಗೇ ಎಳೆದುಕೊಳ್ಳುತ್ತದೆ, ಸೋತದ್ದು ಇನ್ನಷ್ಟು ಸೋಲುತ್ತದೆ. ಅದಕ್ಕೇ ಚೆನ್ನಾಗಿರುವ ಅರ್ಧಕ್ಕೆ ಸೆಕೆಂಡಿಗೆ ಒಂದು ಬಡಿತದಂತೆ ಕೊಟ್ಟು ಸ್ವಲ್ಪ ಸುಮ್ಮನಿರಿಸುತ್ತಾರೆ. ಇಲ್ಲವೇ ಪೆಟ್ಟು ಬಿದ್ದ ಅರ್ಧಕ್ಕೆ ಜೋರು ವೇಗದಲ್ಲಿ ಕೊಟ್ಟು ಎಚ್ಚರಿಸುತ್ತಾರೆ. ಆದರೆ ಎಚ್ಚರವಾದ ಎತ್ತನ್ನು ಗದ್ದೆಗೆ ಇಳಿಸಬೇಕಲ್ವಾ? ಆ ಹೊತ್ತಿನಲ್ಲಿ ಕೈ ಲೋಟ ಹಿಡಿಯಬೇಕು, ಬಿಡಬೇಕು, ಮತ್ತೆ ಹಿಡಿಯಬೇಕು. ನೂರಾರು ಸಲ. ಮೆದುಳು ಕಲಿಯುವುದು ಆಗ.

ಅಮೆರಿಕದಲ್ಲಿ ನೀಶ್ ಅಂತ ಒಂದು ದೊಡ್ಡ ಪರೀಕ್ಷೆ ನಡೆಯಿತು. ಫಲಿತಾಂಶ ಬಂದಿದ್ದು 2018ರಲ್ಲಿ. ಸ್ಟ್ರೋಕ್ ಆಗಿ 3ರಿಂದ 12 ತಿಂಗಳಾದ 199 ಜನ. ಕೆಲವರಿಗೆ ನಿಜವಾದ ಟಿಎಂಎಸ್, ಉಳಿದವರಿಗೆ ಹುಸಿ ಕಾಯಿಲ್. ಎರಡೂ ಗುಂಪಿಗೆ ಆರು ವಾರ ಕೈಯ ವ್ಯಾಯಾಮ. ಕೈಯ ಚಲನೆ ಅಳೆಯುವ 66 ಅಂಕದ ಫ್ಯೂಗಲ್-ಮೇಯರ್ ಪರೀಕ್ಷೆಯಲ್ಲಿ 5 ಅಂಕವಾದರೂ ಮೇಲೆ ಬಂದವರು ಎಷ್ಟು? ನಿಜವಾದದ್ದು ಸಿಕ್ಕವರಲ್ಲಿ 67%, ಹುಸಿ ಸಿಕ್ಕವರಲ್ಲಿ 65%. ಇದನ್ನು ಮಷೀನ್ ಸೋತಿತು ಅಂತ ಓದುವವರಿದ್ದಾರೆ. ನಾನು ಬೇರೆ ಥರ ಓದುತ್ತೇನೆ. ಎರಡೂ ಗುಂಪಿಗೆ ಸಮನಾಗಿ ಸಿಕ್ಕಿದ್ದು ವ್ಯಾಯಾಮ. ಇವತ್ತು ಬಂದ ಅಮ್ಮನಿಗೆ ಸಿಗದೇ ಹೋಗಿದ್ದೂ ಅದೇ.

"2020ರಲ್ಲಿ ಯುರೋಪಿನ ತಜ್ಞರು ಟಿಎಂಎಸ್‌ಗೆ ಎ ದರ್ಜೆ, ಅಂದ್ರೆ ಖಂಡಿತ ಪರಿಣಾಮ ಇದೆ ಅನ್ನೋ ದರ್ಜೆ ಕೊಟ್ಟಿಲ್ವಾ?" ಅಂತ ಯಾರಾದರೂ ಕೇಳುತ್ತೀರಿ. ಕೊಟ್ಟಿದ್ದಾರೆ, ಒಪ್ಪುತ್ತೇನೆ. ಆದರೆ ಅದು ಚೆನ್ನಾಗಿರುವ ಅರ್ಧವನ್ನು ಸುಮ್ಮನಿರಿಸುವ ಒಂದೇ ಒಂದು ವಿಧಾನಕ್ಕೆ, ಅದೂ ಸ್ಟ್ರೋಕ್ ಆದ ಮೊದಲ ವಾರಗಳು, ತಿಂಗಳುಗಳಿಗೆ ಹೇಳಿದ ಮಾತು. ವ್ಯಾಯಾಮ ಬೇಡ ಅಂತ ಅದರಲ್ಲಿ ಎಲ್ಲಿದೆ? ಆ ಒಂದು ಅಕ್ಷರ ತೋರಿಸಿ ಪ್ಯಾಕೇಜ್ ಮಾರುವುದು ನನಗೆ ಸಹಿಸೋಕೆ ಆಗುವುದಿಲ್ಲ.

ಅಪ್ಪನಿಗೆ 2019ರಲ್ಲಿ ಸ್ಟ್ರೋಕ್ ಆಗಿದ್ದು ನಿಮಗೆಲ್ಲ ಗೊತ್ತು. ಹೇಳದೇ ಇದ್ದ ವಿಷಯ ಒಂದಿದೆ. ನಾನೂ ಅಪ್ಪನನ್ನು ಮಷೀನಿಗೆ ಕರೆದುಕೊಂಡು ಹೋಗಿದ್ದೆ. ಇಷ್ಟೆಲ್ಲ ಓದಿದ ನಾನೇ. ಮಗಳಾಗಿ ಕೂತಾಗ ಓದಿದ್ದು ಯಾವುದೂ ನೆನಪಾಗುವುದಿಲ್ಲ. ಬಸ್ಸಿನಲ್ಲಿ ಹೋಗಿ ಬರುವಷ್ಟರಲ್ಲಿ ಅಪ್ಪ ಸುಸ್ತಾಗುತ್ತಿದ್ದರು. "ಇವತ್ತು ಕೈ ಬೇಡ ಪುಟ್ಟಿ, ಮಷೀನಿಗೆ ಹೋಗಿದ್ವಲ್ಲ" ಅನ್ನುತ್ತಿದ್ದರು. ನಾನು ಆಯ್ತಪ್ಪ ಅನ್ನುತ್ತಿದ್ದೆ. ಹಾಗೆ ಮೂರು ವಾರ ಹೋಯಿತು, ಕೈ ಹೆಚ್ಚು ಚೇತರಿಸಿಕೊಳ್ಳುವ ಮೊದಲ ಮೂರು ತಿಂಗಳ ಒಳಗಿನ ಮೂರು ವಾರ. ಆ ದಿನಗಳ ಬೆಲೆ ನನಗಿಂತ ಚೆನ್ನಾಗಿ ಯಾರಿಗೆ ಗೊತ್ತಿತ್ತು? ಅಪ್ಪ ಇವತ್ತಿಗೂ ಊಟ ಮಾಡುವುದು ಎಡಗೈಯಲ್ಲಿ. ಮದುವೆ ಮನೆಗೆ ಕರೆದರೆ ಬರುವುದಿಲ್ಲ. ಪಂಕ್ತಿಯಲ್ಲಿ ಕೂತು ಎಡಗೈಯಲ್ಲಿ ಉಣ್ಣೋಕೆ ಅವರಿಗೆ ಸಂಕೋಚ. ಆ ಮೂರು ವಾರ ಮಾಡಿಸಿದ್ದರೆ ಬಲಗೈ ಬರುತ್ತಿತ್ತು ಅಂತ ಹೇಳಲಾರೆ. ಮಾಡಿಸಲಿಲ್ಲ ಅನ್ನುವುದು ಮಾತ್ರ ಮನಸ್ಸಿನಿಂದ ಹೋಗುವುದಿಲ್ಲ.

ಹಾಗಂತ ಮನೆಯವರಿಗೆ ಹೇಳಿಕೊಟ್ಟು ಕಳಿಸಿದರೆ ಮುಗಿಯಿತು ಅಂತಲೂ ಅಲ್ಲ. ನಮ್ಮ ದೇಶದ್ದೇ ಅಟೆಂಡ್ ಅಧ್ಯಯನ ಇದೆ. 14 ಆಸ್ಪತ್ರೆಗಳು, 1250 ರೋಗಿಗಳು. ಮನೆಯವರಿಗೆ ತರಬೇತಿ ಕೊಟ್ಟು ಅವರಿಂದಲೇ ವ್ಯಾಯಾಮ ಮಾಡಿಸಿದರು. ಅದರಿಂದ ಮಾಮೂಲಿ ಆರೈಕೆಗಿಂತ ಜಾಸ್ತಿ ಉಪಯೋಗ ಆಗಲಿಲ್ಲ ಅಂತ 2017ರಲ್ಲಿ ಗೊತ್ತಾಯಿತು. ಕಲಿತವರು ಪಕ್ಕದಲ್ಲಿ ಕೂತು, ದಿನಾ ನೋಡಿ, ಸ್ವಲ್ಪ ಸ್ವಲ್ಪವೇ ಕಷ್ಟ ಹೆಚ್ಚಿಸುತ್ತಾ ಮಾಡಿಸಬೇಕು. ಅದಕ್ಕೆ ಜನ ಬೇಕು, ಗಂಟೆಗಟ್ಟಲೆ ಹೊತ್ತು ಬೇಕು. ಮಷೀನಾದರೆ ಒಬ್ಬರ ಹಿಂದೆ ಒಬ್ಬರನ್ನು ಕೂರಿಸಬಹುದು. ನನ್ನ ಸಿಟ್ಟು ಅಲ್ಲೇ ಇರುವುದು.

ನಿಮ್ಮ ಮನೆಯಲ್ಲಿ ಯಾರಿಗಾದರೂ ಈ ಚಿಕಿತ್ಸೆ ಹೇಳಿದ್ದರೆ ದಯವಿಟ್ಟು ಒಂದು ಪ್ರಶ್ನೆ ಕೇಳಿ. "ಮಷೀನ್ ಆಫ್ ಆದ ಮೇಲೆ ಕೈಗೆ ಏನು ಮಾಡಿಸ್ತೀರಿ, ಎಷ್ಟು ಹೊತ್ತು, ಯಾರು ಮಾಡಿಸ್ತಾರೆ?" ಉತ್ತರ ಬರದಿದ್ದರೆ ದುಡ್ಡು ಕಟ್ಟಬೇಡಿ.

ಆ ಅಮ್ಮ ಮೊದಲು ದೇವಸ್ಥಾನದ ಮುಂದೆ ಹೂ ಕಟ್ಟುತ್ತಿದ್ದರಂತೆ. ನಾಳೆಯಿಂದ ದಿನಾ ಬರುತ್ತಾರೆ. ಸದ್ಯಕ್ಕೆ ದಾರದ ಮಾತೇ ಇಲ್ಲ. ಮೊದಲು ಅಂಗೈ ಗಾಯ ಮಾಯಬೇಕು. ಆಮೇಲೆ ಹೆಬ್ಬೆರಳು ಬಿಡಿಸೋಕೇ ಕೆಲವು ವಾರ ಬೇಕಾಗುತ್ತದೆ.